ಓಬಳೇಶಪ್ಪ ಸರಿಸಿದ ಪಿಲ್ಲರು

ಹಗರಿಬೊಮ್ಮನಹಳ್ಳಿಯ ಸ್ಟೇಷನ್ ರಸ್ತೆಯಲ್ಲಿ ಮನೆ ನಕ್ಷೆ ಬರೆದುಕೊಡುವ ಓಬಳೇಶಪ್ಪನ ಜೇಬಿನಲ್ಲಿ ಪೆನ್ನಿಲ್ಲದಿದ್ದರೂ ಅರ್ಧ ಬ್ಲೇಡು ಇದ್ದೇ ಇರುತ್ತಿತ್ತು. ಮೂವತ್ತು ವರ್ಷ ಟ್ರೇಸಿಂಗ್ ಪೇಪರಿನ ಮೇಲೆ ಶಾಯಿಯಲ್ಲಿ ಗೆರೆ ಎಳೆದವನು. ಎಳೆದದ್ದಕ್ಕಿಂತ ಬ್ಲೇಡಿನಿಂದ ಕೆರೆದು ತೆಗೆದದ್ದೇ ಹೆಚ್ಚು. ಬಚ್ಚಲು ಬಲಕ್ಕೆ ಬೇಕೆಂದರೆ ಬಲಕ್ಕೆ, ಅತ್ತೆಗೆ ಸರಿಬರಲಿಲ್ಲವೆಂದರೆ ಮತ್ತೆ ಎಡಕ್ಕೆ. "ಸರಸೋಣು ಬಿಡ್ರಿ" ಎನ್ನುವುದು ಅವನ ಬಾಯಿಂದ ನಮಸ್ಕಾರಕ್ಕಿಂತ ಮೊದಲು ಬರುತ್ತಿತ್ತು. ಆಗುವುದಿಲ್ಲ ಎಂದು ಅವನು ಯಾರಿಗೂ ಹೇಳಿದ್ದಿಲ್ಲ. ಮದುವೆಗೆ ಮುಂಚೆ ಒಂದೆರಡು ಸಲ ಹೇಳಿದ್ದನಂತೆ, ಸಾಕ್ಷಿಯಿಲ್ಲ.

ಅಂಥವನ ಮೇಜಿನ ಮೇಲೆ ಕಂಪ್ಯೂಟರ್ ಬಂತು. ಅದರೊಳಗೆ ಇಡೀ ಮನೆಯನ್ನೇ ಎಬ್ಬಿಸಿ, ಸುತ್ತ ತಿರುಗಿಸಿ ತೋರಿಸುವ ಸಾಫ್ಟ್‌ವೇರ್. ಗೋಡೆ, ಬಾಗಿಲು, ಕಿಟಕಿ ಓಬಳೇಶಪ್ಪನವು. ಕಪ್ಪಗೆ ಕಾಣುತ್ತವೆ, ಎಳೆದರೆ ಬರುತ್ತವೆ. ಪಿಲ್ಲರು, ಬೀಮು ಮಾತ್ರ ಎಂಜಿನಿಯರ್ ಗಂಗಾಧರ್ ಕಳಿಸಿದ ಫೈಲಿನಿಂದ ಬಂದು ಕೂರುತ್ತವೆ, ಬೂದಿ ಬಣ್ಣ. ಒತ್ತಿದರೆ ಉದ್ದ, ಅಗಲ, ಒಳಗಿನ ಕಬ್ಬಿಣ ಎಲ್ಲ ಹೇಳುತ್ತವೆ. ಒಂದು ಅಂಕಿಯನ್ನೂ ತಿದ್ದಗೊಡುವುದಿಲ್ಲ. ಪಕ್ಕದಲ್ಲಿ ಪುಟ್ಟದೊಂದು ಬೀಗ ಮೂಡುತ್ತದೆ.

"ಅವು ಓದಾಕಷ್ಟ ಅದಾವ್ರಿ, ಮುಟ್ಟಾಕಲ್ಲ," ಎಂದಿದ್ದ ಗಂಗಾಧರ್. "ಏನರ ಸರಸಬೇಕಂದ್ರ ನನಗೊಂದು ಫೋನ್ ಮಾಡ್ರಿ."

ಮಗನ ವಯಸ್ಸಿನವನಿಗೆ ಫೋನ್ ಮಾಡಿ ಅಪ್ಪಣೆ ಕೇಳುವುದೇ? ಓಬಳೇಶಪ್ಪ ಜೇಬು ಮುಟ್ಟಿಕೊಂಡ. ಗಾಜಿನ ಮೇಲೆ ಬ್ಲೇಡಿನ ಆಟ ನಡೆಯದು.

ಹೀಗಿರುವಾಗ ಕುರಿಗಾರರ ಹೊನ್ನೂರಮ್ಮ ಊರಂಚಿನಲ್ಲಿ ಮನೆ ಕಟ್ಟಿಸಲು ನಿಂತಳು. ಅವಳ ಗಂಡನ ಅಣ್ಣತಮ್ಮಂದಿರ ಮನೆಗಳಲ್ಲಿ ದೇವರ ಪೆಟ್ಟಿಗೆ ವರ್ಷಕ್ಕೊಂದು ಮನೆಯಂತೆ ಸರದಿಯಲ್ಲಿ ತಿರುಗುತ್ತದೆ. ಪೆಟ್ಟಿಗೆ ಇಡುವ ಗೋಡೆಗೂಡಿನ ಎದುರು ಏನೂ ಅಡ್ಡವಿರಬಾರದು. ಹಿರಿಯರು ಬಂದು ನೋಡುತ್ತಾರೆ. ನಕ್ಷೆಯಲ್ಲಿ ಸರಿಯಾಗಿ ದೇವರ ಕಣ್ಣೆದುರಿಗೇ ಒಂದು ಪಿಲ್ಲರು.

"ಯಣ್ಣಾ, ಇದನ್ನ ಮೂರಡಿ ಅತ್ತಾಗ ಸರಸು. ಹನ್ನೆರಡು ವರ್ಷಕ್ಕ ನನ್ನ ಸರದಿ ಬಂದೈತಿ. ಇದು ತಪ್ಪಿದ್ರ ಪೆಟ್ಟಿಗಿ ನಮ್ಮ ಮೈದುನಗ. ಅವ ಆಗ್ಲೇ ಸುಣ್ಣ ಹಚ್ಚಿ ಕುಂತಾನ."

"ಸರಸೋಣು ಬಿಡವ್ವ."

ಅವಳು ಹೋದ ಮೇಲೆ ಎಳೆದ, ಬರಲಿಲ್ಲ. ಅಳಿಸಿದ; ಅಳಿಯಲಿಲ್ಲ. ಕೊನೆಗೆ ಅದರ ನಕಲು ತೆಗೆದ. ನಕಲು ಕಪ್ಪಗೆ ಹುಟ್ಟಿತು, ಕರೆದಲ್ಲಿಗೆ ಬಂತು! ಅದನ್ನು ಮೂರಡಿ ಆಚೆ ನಿಲ್ಲಿಸಿ, ಬೂದಿ ಪಿಲ್ಲರನ್ನು ಪರದೆಯಲ್ಲಿ ಮರೆಮಾಡಿದ. ಕಾಣದ್ದು ಇಲ್ಲದಂತೆಯೇ ಎಂದುಕೊಂಡು, ಗಂಗಾಧರನಿಗೆ ಫೋನ್ ಮಾಡದ ಖುಷಿಗೆ ಒಂದು ಚಹಾ ಹೆಚ್ಚಿಗೆ ಕುಡಿದ.

ಮರೆಯಾಗಿದ್ದು ಪರದೆಯ ಆ ಒಂದು ನೋಟದಲ್ಲಿ ಮಾತ್ರ. ಮೇಸ್ತ್ರಿ ಯರ್ರೆಪ್ಪನ ಕೈಗೆ ಹೋದ ಪಾಯದ ಹಾಳೆಯಲ್ಲಿ ಎರಡೂ ಇದ್ದವು. ಯರ್ರೆಪ್ಪ ಹಾಳೆಯನ್ನು ಪ್ರಶ್ನಿಸುವವರ ಪೈಕಿಯಲ್ಲ. ಎರಡಕ್ಕೂ ಗುಂಡಿ ತೋಡಿಸಿದ. ಓಬಳೇಶಪ್ಪ ನೋಡಲು ಹೋದಾಗ ಎರಡು ಪಿಲ್ಲರು ಅವಳಿ ಮಕ್ಕಳಂತೆ ತಲೆಯೆತ್ತರ ಎದ್ದಿದ್ದವು.

ಗಂಗಾಧರನೂ ಬಂದಿದ್ದ. "ನಂದು ತಗಿಯಂಗಿಲ್ಲ, ಬೀಮು ಕೂಡೋದೇ ಅದರ ಮ್ಯಾಲೆ. ನಿಮ್ಮದೇನ್ರಿ, ಇದ್ದರೂ ನಡೀತೈತಿ, ಬಿದ್ದರೂ ನಡೀತೈತಿ."

"ಒಂದು ಸರಸು ಅಂದ್ರ ಎರಡು ಹುಟ್ಟಿಸೀಯಲ್ಲ ಯಣ್ಣಾ!" ಹೊನ್ನೂರಮ್ಮ ಸೊಂಟಕ್ಕೆ ಕೈಕೊಟ್ಟಳು. "ನಾಡಿದ್ದು ಹಿರಿಯರು ಜಾಗ ನೋಡಾಕ ಬರ್ತಾರ. ಈಗ ಸರಸು ನೋಡೋಣು."

"ಸರಿಯಂಗಿಲ್ಲವ್ವ. ನನ್ನ ಕೈಲಿ ಆಗಂಗಿಲ್ಲ." ಹೇಳಿದ್ದಕ್ಕೆ ಓಬಳೇಶಪ್ಪನ ನಾಲಿಗೆಯೇನೂ ಬಿದ್ದುಹೋಗಲಿಲ್ಲ. ಅದೇ ಅವನಿಗೆ ಆಶ್ಚರ್ಯ.

ಹೊನ್ನೂರಮ್ಮ ಎರಡು ಪಿಲ್ಲರುಗಳ ನಡುವೆ ನಿಂತು ಹಿಂದೆ ಗೂಡಿನ ಜಾಗಕ್ಕೊಮ್ಮೆ, ಎದುರಿಗೆ ಮೂಡಲಿಗೊಮ್ಮೆ ನೋಡಿದಳು. "ಇದನ್ನ ಮೊದ್ಲೇ ಹೇಳಬಾರದಾ? ನಮ್ಮ ದೇವ್ರು ವರ್ಷಕ್ಕೊಂದು ಮನಿ ಸರೀತಾನ, ಒಂದೂವರಿ ಅಡಿ ಸರಿಯಂಗಿಲ್ಲೇನು? ಗೂಡು ಈ ನಡುವಿಗೆ ಬರೂವಂಗ ಮಾಡು."

ಗೂಡು ಗೋಡೆಯದು. ಗೋಡೆ ಓಬಳೇಶಪ್ಪನದೇ, ಕಪ್ಪು. ಮೊದಲ ದಿನವೇ ಒಂದು ಬೆರಳಿನಲ್ಲಿ ಎಳೆಯಬಹುದಿತ್ತು. ಅದನ್ನು ಅವನು ಯಾರಿಗೂ ಹೇಳಲಿಲ್ಲ.

ಹಿರಿಯರು ಬಂದು, ಸುಣ್ಣದಲ್ಲಿ ಗುರುತು ಹಾಕಿದ ಜಾಗ ನೋಡಿ, "ಗುಡಿ ಬಾಗಲ ಇದ್ದಂಗೈತಿ" ಎಂದು ತಲೆದೂಗಿದರು. ಮನೆ ಮುಗಿದ ವಾರ ಪೆಟ್ಟಿಗೆ ಹೊನ್ನೂರಮ್ಮನಲ್ಲಿಗೇ ಬಂತು.

ಮರುವಾರ ಅಂಗಡಿಗೆ ಅವಳ ಮೈದುನ ಬಂದ. "ಮುಂದಿನ ವರ್ಷ ನಮ್ಮ ಸರದಿ. ನಮಗೂ ಗೂಡಿನ ಮುಂದ ಜೋಡಿ ಪಿಲ್ಲರು ಬೇಕ್ರಿ. ಅತ್ತಿಗಿ ಮನಿಗಿಂತ ಒಂದು ಗೇಣು ಅಗಲಕ್ಕ ಸರಸ್ರಿ."

ಓಬಳೇಶಪ್ಪನ ಕೈ ಜೇಬಿಗೆ ಹೋಯಿತು. ಬ್ಲೇಡನ್ನು ಸರಿಸಿ ಫೋನ್ ತೆಗೆದ.

"ಅವು ಓದಾಕಷ್ಟ ಅದಾವ್ರಿ," ಎಂದ ಗಂಭೀರವಾಗಿ. "ತಡೀರಿ, ಅಪ್ಪಣಿ ಕೇಳ್ತೀನಿ."