ಅಮರೇಶನ ಹಳದಿ ಟವಲು

ಗೂಟದ ಮೇಲಿನ ಟವಲನ್ನು ಇವತ್ತು ಬೆಳಿಗ್ಗೆ ಝಾಡಿಸಿದೆ. ಹೋದ ವರ್ಷದ ಹಳದಿ ಪುಡಿ ಇನ್ನೂ ಉದುರಿತು. ಅದು ನನ್ನ ತಮ್ಮ ಅಮರೇಶನ ಟವಲು.

ಎಲ್ಲ ಸರಿಯಿದ್ದ ಕೊನೆಯ ದಿನ ಅದು ಅವನ ತಲೆಗಿತ್ತು. ಸಂತೆಕಲ್ಲೂರಿನ ನಮ್ಮ ಹೊಲದ ತುಂಬ ಸೂರ್ಯಕಾಂತಿ ಅರಳಿತ್ತು. ಅಂಥ ಹೊಲದೊಳಗೆ ನೀವು ಹೋಗಿದ್ದೀರೋ ಇಲ್ಲವೋ, ಜೇನಿನ ಸದ್ದಿಗೆ ಕೂಗಿ ಮಾತಾಡಬೇಕು. ನಾನು ಜೇನಿಗೆ ಹೆದರಿ, ಸೆರಗು ಮುಸುಕೆಳೆದುಕೊಂಡು ಬದುವಿನ ಮೇಲೇ ಕೂರುವವಳು. ಬುತ್ತಿ ತರುವುದೇ ನನ್ನ ಒಕ್ಕಲುತನ.

"ಅಕ್ಕಾ, ಇವು ಕೂಲಿ ಕೇಳಂಗಿಲ್ಲ, ಚಾ ಕೇಳಂಗಿಲ್ಲ. ನೀ ಕುಂತಲ್ಲೇ ಎರಡು ಸಲ ಕುಡದಿ."

"ಹಂಗಾರ ನಾಳಿಂದ ಬುತ್ತಿನೂ ಅವೇ ತರ್ಲಿ ತಗೋ."

ತಂತಿಯ ಮೇಲಿಂದ ಹಸಿರು ಹಕ್ಕಿಯೊಂದು ಹಾರಿಬಂದು ಜೇನೊಂದನ್ನು ಕಚ್ಚಿಕೊಂಡು ಹೋಯಿತು. ನಾನು ಅದಕ್ಕೆ ಎಸೆಯಲು ಮಣ್ಣಿನ ಹೆಂಟೆ ಎತ್ತಿದೆ.

"ಬಿಡಬೇ, ಅದರ ಪಾಲು ಅದು ತಿಂತೈತಿ. ನಮ್ಮ ಪಾಲು ಕಮ್ಮಿ ಆಗೈತೇನು?"

ಹೂವಿಗೆ ಹುಳ ಬಿದ್ದಿತ್ತು. ಹುಳ ಕೊಲ್ಲುವ ವಿಷದೆಣ್ಣೆಯನ್ನು ಅವನು ಯಾವಾಗಲೂ ಜೇನು ಗೂಡಿಗೆ ಮರಳಿದ ಮೇಲೆ, ತಂಪು ಹೊತ್ತಿನಲ್ಲೇ ಹೊಡೆಯುತ್ತಿದ್ದ. ಆದರೆ ಎಣ್ಣೆ ಹೊಡೆಯುವ ಪಂಪು ನಾವೂ ಪಕ್ಕದ ಹೊಲದವರೂ ಕೂಡಿ ಕೊಂಡದ್ದು. ಮರುದಿನ ಸಂಜೆಯ ಸರದಿ ಅವರದು. "ಮಧ್ಯಾಹ್ನನೇ ಹೊಡದು ಕೊಡ್ತೀನಿ. ಒಂದಿನಕ್ಕ ಏನಾಕ್ಕೈತಿ," ಎಂದ.

ಉರಿಬಿಸಿಲು. ಸೆಕೆ ತಾಳದೆ ಮುಖಕ್ಕೆ ಸುತ್ತಿದ ಟವಲು ಬಿಚ್ಚಿ ಬದುವಿನ ಮೇಲಿಟ್ಟಿದ್ದನಂತೆ. ಗಿಡ ಅವನಿಗಿಂತ ಎತ್ತರ. ಮೇಲಕ್ಕೆ ಹೊಡೆದದ್ದೆಲ್ಲ ಮುಖದ ಮೇಲೇ ಬಿದ್ದಿದೆ. ಲಿಂಗಸುಗೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಹೋದ.

ಮಣ್ಣು ಮಾಡಿದ ಮೇಲೆ ಹೊಲಕ್ಕೆ ಹೋದೆ. ಗಿಡಗಳ ಬುಡದಲ್ಲಿ ಜೇನು ಸತ್ತು ಬಿದ್ದಿದ್ದವು. ಹೊಸ ಹೂ ಮಾತ್ರ ಏನೂ ಆಗದ ಹಾಗೆ ಅರಳುತ್ತಿತ್ತು. ಹಸಿರು ಹಕ್ಕಿ ಕೆಲವು ದಿನ ತಂತಿಯ ಮೇಲೆ ಕಾದು, ಆಮೇಲೆ ಅದೂ ಕಾಣಲಿಲ್ಲ.

"ಹಿಂಗ ಬಿಟ್ರ ಕಾಳು ಜೊಳ್ಳಾಗ್ತಾವ. ಅರಿವಿಲೆ ಒರಸಬೇಕು," ಎಂದಳು ಅವ್ವ. ಕೈಗೆ ಸಿಕ್ಕ ಬಟ್ಟೆ ಈ ಟವಲು. ಒಂದು ಹೂವಿನ ಮುಖ ಒರೆಸುವುದು, ಅದರ ಪುಡಿಯನ್ನು ಇನ್ನೊಂದಕ್ಕೆ ತಾಗಿಸುವುದು. ಜೇನಿಗೆ ಹೆದರುತ್ತಿದ್ದವಳು ಜೇನಿನ ಕೆಲಸಕ್ಕೆ ನಿಂತೆ. ಭುಜ ಸೋತರೂ ಅರ್ಧ ಹೊಲ ಜೊಳ್ಳೇ ಆಯಿತು. ಸುತ್ತಲಿನವರು ಈಗ ಹಗಲೇ ಎಣ್ಣೆ ಹೊಡೆಯುತ್ತಾರೆ. ನಾನು ವರ್ಷವೂ ಒರೆಸುತ್ತೇನೆ.

ಇವತ್ತು ಒಂದೇ ಒಂದು ಜೇನು ಬಂದು ಕೂತಿತ್ತು. ಆ ಹೂವನ್ನು ಒರೆಸದೆ ಬಿಟ್ಟೆ. ಅದರ ಪಾಲು.

ಈಗ ಮುಸುಕು ಬೇಕಿಲ್ಲ. ಮೆಲ್ಲಗೆ ಮಾತಾಡಿದರೂ ಹೊಲದ ಆ ತುದಿಗೆ ಕೇಳುತ್ತದೆ. ಆ ತುದಿಯಲ್ಲಿ ಅಮರೇಶ ಇಲ್ಲ.