ಸುಶೀಲಕ್ಕನ ಮನೆಯ ಅಗುಳಿ

ಸುಶೀಲಕ್ಕ, ಕವಲೇದುರ್ಗದ ಬಾಗಿಲನ್ನು ಶತ್ರುಗಳಿಗೆ ತೆಗೆದುಕೊಟ್ಟವರು ನಿಮ್ಮ ಮನೆಯ ಹಿರಿಯರಲ್ಲ. ಆ ಕಥೆ ಕಟ್ಟಿದವನು ನಾನು. ಯಾವ ಹಿರಿಯರೂ ನನಗೆ ಅದನ್ನು ಹೇಳಿರಲಿಲ್ಲ, ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ಒಂದು ಭಾನುವಾರ ಬೆಳಗ್ಗೆ ಕೋಟೆಯ ಮೇಲಿನ ಬಂಡೆಯಲ್ಲಿ ನಿಂತು ಬಾಯಿಗೆ ಬಂದದ್ದನ್ನು ಹೇಳಿದೆ — ಅಷ್ಟೇ. ಆ ‘ಅಷ್ಟೇ’ಗೆ ಈಗ ಹದಿನಾಲ್ಕು ವರ್ಷ.

ಆಗ ನನ್ನ ಹತ್ತಿರ ಹಳೆಯ ಬಿಳಿ ವ್ಯಾನಿತ್ತು. ಪ್ರವಾಸಿಗರನ್ನು ತೀರ್ಥಹಳ್ಳಿಯಲ್ಲಿ ಹತ್ತಿಸಿಕೊಂಡು ಬೆಳಗ್ಗೆ ಕವಲೇದುರ್ಗ, ಮಧ್ಯಾಹ್ನ ಕುಂದಾದ್ರಿ, ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಆಗುಂಬೆ. ಎಂಥ ದಿನಗಳು ಅವು! ಕಾಲಿಗೆ ರಕ್ತ ಹೀರುವ ಉಂಬಳ ಹತ್ತಿತೆಂದು ಕುಣಿದಾಡುವ ಹೆಂಗಸರು, ನನಗೆ ಮೂರು ಹತ್ತಿತು ನಿನಗೆಷ್ಟು ಎಂದು ಲೆಕ್ಕ ಹಾಕುವ ಮಕ್ಕಳು, ಉಪ್ಪಿನ ಗಂಟು ಹಿಡಿದು ಹಿಂದೆ ಹಿಂದೆ ಓಡುವ ನಾನು. ಕೋಟೆ ಇಳಿದು ಗದ್ದೆಯಂಚು ದಾಟಿದರೆ ನಿಮ್ಮ ಜಗಲಿ. ಜೀರಿಗೆ ಮೆಣಸು ನುರಿದು ಹಾಕಿದ ಮಜ್ಜಿಗೆಯ ಕೊಡ ಅಲ್ಲಿ ಕಾದಿರುತ್ತಿತ್ತು. ನಿಮ್ಮ ಬಾಗಿಲು ಬೆಳಕು ಹರಿದಾಗ ತೆರೆದರೆ ದೀಪ ಹಚ್ಚುವ ಹೊತ್ತಿನವರೆಗೂ ತೆರೆದೇ ಇರುತ್ತಿತ್ತು. ಯಾಕೆಂದು ಒಮ್ಮೆ ಕೇಳಿದ್ದೆ.

“ಬಾಗ್ಲು ಹಾಕಿದ್ರೆ ನೀರು ಕೇಳೋಕೆ ನಾಚ್ಕೆ ಆಗ್ತದೆ ಮಾರಾಯ ಜನಕ್ಕೆ” ಎಂದಿದ್ದಿರಿ.

ಈ ಮಾತನ್ನು ನಿಮಗೇ ನೆನಪಿಸುತ್ತಿದ್ದೇನಲ್ಲ — ಮರೆಯಬಾರದಾಗಿದ್ದವನು ನಾನು.

ಆ ಭಾನುವಾರ ಹುಬ್ಬಳ್ಳಿಯ ಕಡೆಯ ಮೂರು ಕುಟುಂಬಗಳು ಬಂದಿದ್ದವು. ಮೇಲೆ ಹತ್ತಿ ನಿಂತರೆ ಮಂಜು. ಕಣಿವೆ ಇಲ್ಲ, ಹಿನ್ನೀರಿಲ್ಲ, ಎದುರಿನ ಗುಡ್ಡವೂ ಇಲ್ಲ. “ಏನ್ರೀ, ಈ ಬಿಳೇ ಗ್ವಾಡಿ ತೋರ್ಸಾಕ ಇಷ್ಟು ಮ್ಯಾಲ ಹತ್ತಿಸಿದ್ರಿ?” ಎಂದು ಒಬ್ಬರು ನಗೆಯಾಡಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಒಳಗೆ ಎಲ್ಲೋ ಚುಚ್ಚಿತು. ಆಗ ಒಬ್ಬ ಹೆಣ್ಣುಮಗಳು ಗೋಡೆಯ ಕಲ್ಲು ಸವರುತ್ತ, “ಇಷ್ಟು ಗಟ್ಟಿ ಕೋಟಿ ಹೆಂಗ ಬಿತ್ತರೀ?” ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ.

ನನಗೆ ಮಾತು ಕಲಿಸಿದವರು ನನ್ನ ಅಜ್ಜಯ್ಯ. ಊರಿನ ಕಥೆಗಳೆಲ್ಲ ಅವರ ಬಾಯಲ್ಲಿದ್ದವು. ತಿಳಿಯದ್ದನ್ನು ಕೇಳಿದರೆ ಮಾತ್ರ, “ಅದು ನಂಗೊತ್ತಿಲ್ಲ ಮಗಾ” ಎಂದು ಎಲೆಯಡಿಕೆ ತಟ್ಟೆ ಹತ್ತಿರ ಎಳೆದುಕೊಳ್ಳುತ್ತಿದ್ದರು. ಅವರಿಂದ ಎಲ್ಲ ಕಲಿತೆ, ಆ ಒಂದು ಮಾತು ಬಿಟ್ಟು.

“ಒಳಗಿನವರೇ ಬಾಗಿಲು ತೆಗೆದರು” ಎಂದೆ.

“ಯಾರ್ರೀ ಅವ್ರು?”

ಅದೇ ಹೊತ್ತಿಗೆ ಮಂಜು ಒಂದು ಕೈಯಗಲ ಸರಿಯಿತು. ಕೆಳಗೆ ಕಂಡದ್ದು ನಿಮ್ಮ ಮನೆಯ ಹೆಂಚಿನ ಮಾಡು ಒಂದೇ. ಬೇರೆ ಯಾರದಾದರೂ ಕಂಡಿದ್ದರೆ... ಇರಲಿ. ಕೈ ಚಾಚಿದೆ.

“ಅಗೋ, ಆ ಮನೆಯ ಹಿರಿಯರು. ಕಾವಲಿಗಿದ್ದವರು. ಅದಕ್ಕೇ ನೋಡಿ, ಆ ಮನೆಯವರು ಇವತ್ತಿಗೂ ಹಗಲಲ್ಲಿ ಬಾಗಿಲಿಗೆ ಅಗುಳಿ ಹಾಕುವಂತಿಲ್ಲ. ಶಾಪ.”

ಮಂಜಿನಲ್ಲಿ ಹನ್ನೆರಡು ಜನ ಉಸಿರು ಹಿಡಿದು ನನ್ನನ್ನೇ ನೋಡುತ್ತಿದ್ದರು. ಆ ಮೌನದ ರುಚಿ — ನಾಚಿಕೆಯಾಗುತ್ತದೆ ಹೇಳಲು — ಇವತ್ತಿಗೂ ನಾಲಿಗೆಯ ಮೇಲಿದೆ.

ಇಳಿದ ಮೇಲೆ ನೀವು ಮಜ್ಜಿಗೆ ಕೊಟ್ಟಿರಿ. ಅವರು ನಿಮ್ಮನ್ನು ನೋಡಲಿಲ್ಲ, ನಿಮ್ಮ ಬಾಗಿಲನ್ನು ನೋಡಿದರು. ಹಿರಿಯರೊಬ್ಬರು ಲೋಟವನ್ನು ತುಟಿಗೂ ತಾಗಿಸದೆ ಜಗಲಿಯ ಮೇಲಿಟ್ಟರು.

“ಎಂತ ವಾಸು, ಹುಳಿಯಾಗಿತ್ತನಾ?” ಎಂದು ನನ್ನನ್ನು ಕೇಳಿದಿರಿ.

“ಇಲ್ಲಕ್ಕ, ಅವರಿಗೆ ಶೀತ” ಎಂದೆ. ಅದು ಎರಡನೆಯ ಸುಳ್ಳು.

ಆಮೇಲೆ ಬಂದವರಿಗೆಲ್ಲ ಅದೇ ಕಥೆ. ಹೇಳುತ್ತ ಹೇಳುತ್ತ ಅದಕ್ಕೆ ಕೈಕಾಲು ಬಂತು: ಗುಟ್ಟಿನ ದೀಪ, ಅಳುವ ಹೆಂಡತಿ. ಯಾರೋ ಹುಡುಗರು ನಾನು ಹೇಳುವುದನ್ನು ವಿಡಿಯೋ ಮಾಡಿ ಹಾಕಿದರು. ಇನ್ಯಾರೋ ಮೊಬೈಲಿನ ಮ್ಯಾಪಿನಲ್ಲಿ ನಿಮ್ಮ ಮನೆಗೆ ‘ದ್ರೋಹಿಯ ಮನೆ’ ಎಂದು ಹೆಸರಿಟ್ಟರು. ಜನ ಗದ್ದೆಯಂಚಿನಲ್ಲಿ ನಿಂತು ನಿಮ್ಮ ಬಾಗಿಲಿನ ಫೋಟೋ ತೆಗೆಯತೊಡಗಿದರು. ನಿಮ್ಮ ಮಗಳು ಶಾಲೆಯಿಂದ ಅಳುತ್ತ ಬಂದಳಂತೆ.

ಕೊನೆಗೆ ಒಂದು ದಿನ ನೀವು ನನ್ನನ್ನು ಹಿತ್ತಲಿಗೆ ಕರೆದಿರಿ. ಕೈಯಲ್ಲಿ ಸೌಟು ಹಾಗೇ ಇತ್ತು.

“ವಾಸು, ನೀನು ಹಳೇದೆಲ್ಲ ತಿಳ್ದವ. ಖರೆ ಹೇಳು ಮಾರಾಯ. ನಮ್ಮೋರು ಹಂಗ್ ಮಾಡಿದ್ರಾ?”

ಸುಶೀಲಕ್ಕ, ಬಂಡೆಯ ಮೇಲೆ ಆಡಿದ್ದು ಚಪಲದ ಮಾತು ಎಂದಾದರೂ ಅಂದುಕೊಳ್ಳಬಹುದು. ಆದರೆ ಆ ಹಿತ್ತಲಿನಲ್ಲಿ ಮಂಜಿರಲಿಲ್ಲ, ನಗುವ ಜನರಿರಲಿಲ್ಲ. ನೀವಿದ್ದಿರಿ, ನಾನಿದ್ದೆ. ಒಂದೇ ಮಾತು ಸಾಕಿತ್ತು. ನಾನು ನೆಲ ನೋಡಿಕೊಂಡು ಹೇಳಿದೆ:

“ಹಳೇ ಮಾತು ಅಕ್ಕ... ಯಾರಿಗೆ ಗೊತ್ತು.”

ನೀವು ಅದನ್ನು ಹೌದೆಂದೇ ತಿಳಿದಿರಿ. ನನ್ನನ್ನು ನಂಬಿದ್ದಿರಿ, ಇನ್ನೇನು ತಿಳಿಯುತ್ತೀರಿ?

ಮುಂದಿನ ಅಮಾವಾಸ್ಯೆಯಿಂದ ಶುರುವಾಯಿತು. ತಿಂಗಳು ತಿಂಗಳೂ ಮಂಡಿ ಹಿಡಿದುಕೊಂಡು, ಕಲ್ಲಿನ ಹಾದಿಯಲ್ಲಿ ಕೂತು ಎದ್ದು ನೀವು ಮೇಲಿನ ಬಾಗಿಲಿನವರೆಗೆ ಹತ್ತಿ ಒಂದು ಎಣ್ಣೆ ದೀಪ ಇಟ್ಟು ಬರುತ್ತಿದ್ದಿರಿ. ಮಾಡಿದವರ ಪಾಪ ಮಕ್ಕಳಿಗೆ ತಾಗದಿರಲಿ ಎಂದು. ಯಾರೂ ಮಾಡದ ಪಾಪ ಅದು! ನಾನು ಜನರೊಂದಿಗೆ ಎದುರಾದರೆ ಸೆರಗಿನಿಂದ ಬೆವರು ಒರೆಸಿಕೊಂಡು, “ಮಜ್ಜಿಗೆ ಜಗ್ಲಿ ಮೇಲೆ ಮುಚ್ಚಿಟ್ಟಿದೀನಿ, ಕುಡ್ಕಳ್ರಿ” ಎನ್ನುತ್ತಿದ್ದಿರಿ. ನೀವು ನಾಲ್ಕು ಹೆಜ್ಜೆ ಇಳಿದ ಮೇಲೆ ನಾನು ದೀಪ ತೋರಿಸಿ ಅವರಿಗೆ ಪಿಸುಗುಟ್ಟುತ್ತಿದ್ದೆ: “ನೋಡಿದಿರಾ? ಕಥೆ ಸುಳ್ಳಾಗಿದ್ದರೆ ಈ ದೀಪ ಯಾಕೆ?”

ಇದಕ್ಕಿಂತ ಕೀಳಾದದ್ದನ್ನು ನಾನು ಮಾಡಿಲ್ಲ.

ಎರಡು ವರ್ಷದಿಂದ ಜಗಲಿಯ ಮೇಲೆ ಕೊಡವಿಲ್ಲ. ಗದ್ದೆಯಂಚಿನಲ್ಲಿ ಜನ ಕಂಡರೆ ಸಾಕು, ಒಳಗಿನಿಂದ ಅಗುಳಿ ಸರಿಯುವ ಸದ್ದು — ಮರದ ಮೇಲೆ ಮರ ಉಜ್ಜುವ ಒಣ ಸದ್ದು. ಮೊದಲ ಸಲ ಕೇಳಿದಾಗ ವ್ಯಾನಿನ ಬಾಗಿಲು ಹಿಡಿದು ನಿಂತುಬಿಟ್ಟೆ. ಶಾಪವೆಂದು ನಾನು ಕಟ್ಟಿದ್ದು ತೆರೆದ ಬಾಗಿಲನ್ನು. ನಿಜವಾದ ಶಾಪ ಮುಚ್ಚಿದ ಬಾಗಿಲಾಗಿ ಬಂತು. ತಂದವನು ನಾನೇ.

ಹೋದ ವಾರ ಅದೇ ಬಂಡೆಯ ಮೇಲೆ ಶಿವಮೊಗ್ಗದ ಕಾಲೇಜು ಹುಡುಗರಿಗೆ ಹೇಳಿದೆ — “ಕೋಟೆ ಹೇಗೆ ಬಿತ್ತೋ ನನಗೆ ಗೊತ್ತಿಲ್ಲ. ಆದರೆ ಆ ಮನೆಯವರಿಂದ ಅಲ್ಲ. ಅದು ಸುಳ್ಳು.” ಅಜ್ಜಯ್ಯನ ಮಾತು ಐವತ್ತೆಂಟನೇ ವಯಸ್ಸಿನಲ್ಲಿ ಬಾಯಿಗೆ ಬಂತು. ಒಬ್ಬ ಹುಡುಗ ಮೊಬೈಲ್ ಮುಂದೆ ಹಿಡಿದ.

“ಅಂಕಲ್, ಇದ್ರಲ್ಲಿ ಹಂಗೇ ಹೇಳಿದಾರಲ್ಲ?”

ಕೇಳಿದೆ. ನನ್ನದೇ ದನಿ. ಎಷ್ಟು ಚೆನ್ನಾಗಿ ಹೇಳಿದ್ದೆ! ಹುಡುಗರು ನನ್ನ ಮುಖ ನೋಡಲಿಲ್ಲ, ಪರದೆಯನ್ನೇ ನೋಡಿದರು, ಅದನ್ನೇ ನಂಬಿದರು.

ಅದಕ್ಕೇ ಇದನ್ನು ಬರೆದೆ. ಓದಿದವರು ನಾಲ್ಕು ಜನಕ್ಕೆ ಹೇಳಲಿ. ನಾನಂತೂ ಕೋಟೆ ಹತ್ತಿಸಿದ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಕಥೆ ಹರಡಿದಷ್ಟು ದೂರ ಇದು ಹೋಗದು ಎಂದು ಗೊತ್ತಿದ್ದೂ. ಆದರೆ ಮೊದಲು ಬಾಯಾರೆ ನಿಮಗೆ ಹೇಳಬೇಕು, ನಿಮ್ಮ ಮಗಳೆದುರು.

ಅಮಾವಾಸ್ಯೆಗೆ ಮುಂಚೆಯೇ ಬರುತ್ತೇನೆ ಸುಶೀಲಕ್ಕ, ನೀವು ಇನ್ನೊಂದು ಸಲ ಆ ಕಲ್ಲು ಹತ್ತಬಾರದು. ವ್ಯಾನು ದೂರ ಬಿಟ್ಟು ಒಬ್ಬನೇ ಬರುತ್ತೇನೆ. ಜಗಲಿ ಹತ್ತುವುದಿಲ್ಲ, ಅಂಗಳದಲ್ಲೇ ನಿಂತು ಹೇಳುತ್ತೇನೆ — ಬಾಗಿಲು ಹಾಕಿದ್ದರೂ ಕೇಳುವಷ್ಟು ಗಟ್ಟಿಯಾಗಿ. ನೀವು ಏನೂ ಹೇಳಬೇಕಾಗಿಲ್ಲ. ಒಳಗಿನ ಅಗುಳಿ ಹಾಗೇ ಇದ್ದರೆ, ಅದನ್ನು ಹಾಕಿಸಿದವನು ನಾನೆಂದು ತಿಳಿದೇ ಗದ್ದೆಯಂಚಿನಲ್ಲಿ ಹಿಂದಿರುಗುತ್ತೇನೆ.