ಹಾಡಿನ ನಡುವೆ ಕೋಲಿನ ಸದ್ದು

ದೆವ್ವ ಕಂಡೆ, ಸದ್ದು ಕೇಳಿದೆ ಎಂದವರಿಗೆಲ್ಲ ಮೊದಲು ಡಾಕ್ಟರಿಗೆ ತೋರಿಸಿ ಎನ್ನುತ್ತಿದ್ದವನು ನಾನು. ಈಗಲೂ ಬೇರೆಯವರು ಹೇಳಿದರೆ ಹಾಗೇ ಅನ್ನುತ್ತೇನೆ. ಆದರೆ ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ನನಗಾದದ್ದನ್ನು ಯಾರಿಗೆ ತೋರಿಸಬೇಕೆಂದು ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದಿಲ್ಲ.

ಹಂಗಾರಕಟ್ಟೆಯಲ್ಲಿ ದೋಣಿಗಳಿಗೆ ಹೆಸರು ಬರೆಯುವ ಪೇಂಟರ್ ನಾನು. ಅಕ್ಷರ ನನ್ನ ಕೈಗೆ ಬಗ್ಗುತ್ತದೆ, ಮನುಷ್ಯರ ಮುಖ ಬಗ್ಗುವುದಿಲ್ಲ. ಪರಿಚಯದ ಗಣೇಶ ತನ್ನ ಅತ್ತೆ ಗಿರಿಜಕ್ಕನ ಹಾಡುಗಳನ್ನು ರೆಕಾರ್ಡ್ ಮಾಡಿ, ಆಲ್ಬಮ್ಮಿಗೆ ಹಳೆಯ ಕ್ಯಾಸೆಟ್ಟಿನ ಹಾಗೆ ಕೈಯಲ್ಲೇ ಬರೆದ ಮುಖಚಿತ್ರ ಬೇಕೆಂದು ಬಂದಾಗ ಖುಷಿಯಾಯಿತು. ಕ್ಯಾಸೆಟ್ ಅಂಗಡಿಯ ಗಾಜಿನ ಮುಂದೆ ನಿಂತೇ ನಾನು ಬಣ್ಣ ಕಲಿತದ್ದು. ಆ ಕಿತ್ತಳೆ ಆಕಾಶ, ನೆರಳು ಬಿಟ್ಟ ದಪ್ಪ ಅಕ್ಷರ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಹಾಡುಗಳೆಲ್ಲ ಗಿರಿಜಕ್ಕನಿಗೆ ತಂದೆಯಿಂದ ಬಂದವು. ಸೇತುವೆ ಆಗುವ ಮೊದಲು ಆ ತಂದೆ ದೋಣಿಯಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದರು. ಮುಖಚಿತ್ರದಲ್ಲಿ ಅವರೇ ಇರಬೇಕು, ಆದರೆ ಅವರ ಒಂದು ಫೋಟೋವೂ ಇಲ್ಲ. ಗಣೇಶ ಕಂಪ್ಯೂಟರಿನಲ್ಲಿ ಮಾಡಿಸಿದ ಎರಡು ಚಿತ್ರಗಳನ್ನು ಗಿರಿಜಕ್ಕ ಆಗಲೇ ಬೇಡವೆಂದಿದ್ದರು. ನೋಡಿದ ಕೂಡಲೇ ಗುರುತು ಸಿಗಬೇಕೆಂದು ನನಗೂ ಕಡ್ಡಿ ಮುರಿದಂತೆ ಹೇಳಿದರು: "ಕಾಂಬತಿಗೆ ಅಪ್ಪಯ್ಯನೇ ಅಂದೇಳಿ ಗೊತ್ತಾಯ್ಕ್. ಇಲ್ದಿರೆ ಚಿತ್ರವೂ ಬ್ಯಾಡ, ಹಾಡೂ ಬ್ಯಾಡ." ಎಂಬತ್ತರ ಹತ್ತಿರದವರು, ಕಣ್ಣು ಮಂಜಾಗುತ್ತಿತ್ತು. ಗಣೇಶನ ಅವಸರವೆಲ್ಲ ಅದಕ್ಕೇ.

ಮುಖ ಬರೆಯಲು ಬಾರದವನು ಏನು ಮಾಡಿಯಾನು? ನಮ್ಮ ಕಡೆ ಬೆನ್ನು ಹಾಕಿ, ನೀರಿಗೆ ಕೋಲು ಊರಿ ದೋಣಿಯಲ್ಲಿ ನಿಂತ ಹಾಗೆ ಆ ತಂದೆಯನ್ನು ಗೀಚಿದೆ. ಭಾನುವಾರ ಊಟ ಮುಗಿಸಿ, ಮೊಬೈಲಿನಲ್ಲಿ ಗಿರಿಜಕ್ಕನ ಹಾಡು ಹಾಕಿಕೊಂಡು ಬಣ್ಣಕ್ಕೆ ಕೂತೆ. ಎರಡನೇ ಚರಣ ಮುಗಿಸಿ ಗಿರಿಜಕ್ಕ ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ. ಆ ಜಾಗದಲ್ಲಿ ಟಕ್, ಟಕ್ ಎಂದು ಎರಡು ಸಲ ಕೇಳಿಸಿತು. ಬಿದಿರಿನ ಕೋಲು ದೋಣಿಯ ಅಂಚಿಗೆ ಬಡಿದ ಸದ್ದು. ಹುಟ್ಟಿದಾಗಿನಿಂದ ದೋಣಿಗಳ ಜೊತೆ ಇರುವವನಿಗೆ ಅದರಲ್ಲಿ ತಪ್ಪಾಗುವುದಿಲ್ಲ. ಮತ್ತೆ ಹಾಕಿದೆ. ಮತ್ತೆ ಎರಡು ಸಲ. ಚೆಂದ ಇದೆಯಲ್ಲ ಎಂದುಕೊಂಡು, ಕೋಲನ್ನು ನೀರಿನಿಂದ ಎತ್ತಿಸಿ ಅಂಚಿಗೆ ಬಡಿಯುವ ಹಾಗೆ ತಿದ್ದಿದೆ. ಹೆದರಿಕೆ ಏನೂ ಆಗಲಿಲ್ಲ, ರೆಕಾರ್ಡಿನಲ್ಲಿದೆ ಎಂದೇ ತಿಳಿದಿದ್ದೆ.

ಗಿರಿಜಕ್ಕ ಚಿತ್ರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದರು. ಕೋಲಿನ ಮೇಲೆ ಬೆರಳಾಡಿಸಿದರು.

"ಹ್ವಾಯ್, ಅಪ್ಪಯ್ಯ ಕೋಲ್ ಬಡುದ್ ನಿಂಗ್ ಯಾರ್ ಹೇಳ್ರ್? ನಡು ಹೊಳಿಗೆ ಬಂದಂಗೆ ಎರಡ್ ಸಲ ಬಡುದ್. ಅದ್ ಕೇಂಡ್ ನಾನ್ ಗಂಜಿ ತಕಂಡ್ ದಡಕ್ಕೆ ಓಡುದ್. ನಮ್ಮಿಬ್ರಿಗ್ ಬಿಟ್ರೆ ಯಾರಿಗೂ ಗೊತ್ತಿಲ್ಲ."

"ನಿಮ್ಮ ಹಾಡಲ್ಲೇ ಇತ್ತಲ್ಲ ಅಕ್ಕ," ಎಂದೆ.

ಗಣೇಶ ನಕ್ಕ. "ಅಲ್ಲಿ ಎಂತದೂ ಇಲ್ಲ ಮಾರಾಯ್ರೆ. ಸುಮ್ನೆ ಖಾಲಿ ಅಂದೇಳಿ ನಾನ್ ಅದನ್ನ್ ಕತ್ತರ್ಸುಕೆ ಹೊರಟಿದ್ದೆ." ಹಾಡು ಹಾಕಿದ. ಮೂರು ಸಲ ಕೇಳಿದೆವು. ಆ ಜಾಗದಲ್ಲಿ ಸದ್ದೇ ಇಲ್ಲ. ನನ್ನ ಮೊಬೈಲಿನಲ್ಲೂ ಅಷ್ಟೇ. ನಮ್ಮ ಮನೆ ಹತ್ತಿರ ದೋಣಿ ಕಟ್ಟುವಲ್ಲಿನ ಸುತ್ತಿಗೆ ಇರಬೇಕು ಎಂದು ನೀವು ಹೇಳಬಹುದು, ನಾನೂ ಹೇಳಿಕೊಂಡೆ. ಭಾನುವಾರ ಅಲ್ಲಿ ಕೆಲಸವಿಲ್ಲ.

ಗಿರಿಜಕ್ಕ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು: "ಆ ಕೋಲಿನ್ ಸದ್ದ್ ಕೇಂಬುಕೇ ನಾನ್ ಅಲ್ಲಿ ಹಾಡ್ ನಿಲ್ಸುದ್. ಇಷ್ಟ್ ವರ್ಷ ನಂಗೊಬ್ಳಿಗೇ ಕೇಂಬುದ್ ಅಂದ್ಕಂಡಿದ್ದೆ."

ಆಲ್ಬಂ ಅದೇ ಚಿತ್ರದೊಂದಿಗೆ ಬಂತು. ಆಮೇಲೆ ನಾನು ಆ ಹಾಡನ್ನು ಎಷ್ಟು ಸಲ ಹಾಕಿದ್ದೇನೋ, ಒಮ್ಮೆಯೂ ಟಕ್ ಎಂದಿಲ್ಲ. ಆವತ್ತು ಯಾಕೆ ಕೇಳಿಸಿತೆಂದು ಇವತ್ತಿಗೂ ಗೊತ್ತಿಲ್ಲ. ನಿಜ ಹೇಳುವುದಾದರೆ ಗಿರಿಜಕ್ಕನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತದೆ. ಅವರಿಗೆ ಈಗ ಕಣ್ಣು ಕಾಣುವುದೇ ಇಲ್ಲ. ಹಾಡು ಹಾಕಿಸಿಕೊಂಡು ಕೂತಿರುತ್ತಾರಂತೆ. ಎರಡನೇ ಚರಣ ಮುಗಿಯುತ್ತಲೇ ದಡಕ್ಕೆ ಹೊರಟ ಹಾಗೆ ಎದ್ದು ನಿಲ್ಲುತ್ತಾರಂತೆ.